ಶಾಸ್ತ್ರಿಗಳ ಮೊಮ್ಮಗ ಫರಿಸಾಯರನ್ನು ಓದಿದ್ದು

ನಾನು ಕಲಿತದ್ದು ಧಾರವಾಡದ ಒಂದು ಮಿಷನ್ ಶಾಲೆಯಲ್ಲಿ. ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಐದು ನಿಮಿಷ ಬೈಬಲ್ ಓದುತ್ತಿದ್ದರು. ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಒಂದು ದಿನ ಪಾದ್ರಿಗಳು ಮತ್ತಾಯನ ಸುವಾರ್ತೆಯ ಇಪ್ಪತ್ತಮೂರನೆಯ ಅಧ್ಯಾಯ ತೆಗೆದರು. ‘ಅಯ್ಯೋ, ಕಪಟಿಗಳಾದ ಶಾಸ್ತ್ರಿಗಳೇ, ಫರಿಸಾಯರೇ’ ಎಂದು ಅವರು ಗಟ್ಟಿಯಾಗಿ ಓದಿದಾಗ ನನ್ನ ಎದೆ ಧಸಕ್ಕೆಂದಿತು. ಓಣಿಯಲ್ಲಿ ಎಲ್ಲರೂ ಶಾಸ್ತ್ರಿಗಳು ಎಂದು ಕರೆಯುತ್ತಿದ್ದುದು ನಮ್ಮ ಅಜ್ಜನನ್ನು. ಪಾದ್ರಿಗಳಿಗೆ ಅಜ್ಜನ ಮೇಲೆ ಇಷ್ಟು ಸಿಟ್ಟೇಕೆ ಎಂದು ತಿಳಿಯದೆ ಸಂಜೆ ಅಜ್ಜನನ್ನೇ ಕೇಳಿದೆ. ಅಡಿಕೆ ಕತ್ತರಿಸುತ್ತಿದ್ದ ಅಜ್ಜ ತಲೆ ಎತ್ತದೆ, ‘ನಾನು ಶಾಸ್ತ್ರಿ ಹೌದು. ಆ ಫರಿಸಾಯ ಯಾರೋ ನನಗೆ ಗೊತ್ತಿಲ್ಲ’ ಎಂದರು.

ಆ ಫರಿಸಾಯ ಯೇಸುವಿನ ಕಾಲದ ಒಂದು ಯಹೂದಿ ಪಂಥದವನು. ಅವನು ನಿಜವಾಗಿ ಯಾರು ಎಂದು ತಿಳಿಯಲು ನನಗೆ ಇಪ್ಪತ್ತಾರು ವರ್ಷ ಹಿಡಿಯಿತು. ಬೆಂಗಳೂರಿನ ಪತ್ರಿಕೆಯೊಂದರಲ್ಲಿ ಹನ್ನೊಂದು ವರ್ಷ ಉಪಸಂಪಾದಕನಾಗಿ ರಾತ್ರಿ ಪಾಳಿ ಮಾಡಿ, ಉಳಿಸಿದ ಹಣಕ್ಕೆ ಬ್ಯಾಂಕಿನ ಸಾಲ ಸೇರಿಸಿಕೊಂಡು, 2024ರ ಸೆಪ್ಟೆಂಬರಿನಲ್ಲಿ ಮ್ಯಾಂಚೆಸ್ಟರಿಗೆ ಹೋದೆ. ಒಂದು ವರ್ಷದ ಎಂ.ಎ. ನಾನು ಆರಿಸಿಕೊಂಡ ಪಠ್ಯವಿಷಯಗಳೆಲ್ಲ ಕ್ರೈಸ್ತ ಮತ್ತು ಯಹೂದಿ ನೀತಿವಿಚಾರದ್ದು, ಆ ಎರಡು ಸಮುದಾಯಗಳ ದಿನನಿತ್ಯದ ಧಾರ್ಮಿಕ ಬದುಕಿನದ್ದು. ಬಂಧುಗಳೆಲ್ಲರ ಪ್ರಶ್ನೆ ಒಂದೇ: ‘ಮತಾಂತರ ಆಗುತ್ತೀಯೇನು?’ ಅದಕ್ಕೆ ಉತ್ತರ ಸುಲಭವಿತ್ತು. ಕನ್ನಡ ಮಾಸ್ತರರಾಗಿ ನಿವೃತ್ತರಾದ ಅಪ್ಪ ಕೇಳಿದ್ದು ಬೇರೆ: ‘ಓದಿಕೊಂಡು ಬಂದು ಏನು ಮಾಡುತ್ತೀ?’ ಅದಕ್ಕೆ ಇವತ್ತಿಗೂ ನೆಟ್ಟಗಿನ ಉತ್ತರ ಹೊಳೆದಿಲ್ಲ.

ಮೊದಲ ಪ್ರಬಂಧಕ್ಕೆ ಕೊಟ್ಟ ವಿಷಯ ಒಳ್ಳೆಯ ಸಮಾರ್ಯದವನ ಕಥೆ, ಲೂಕನ ಹತ್ತನೆಯ ಅಧ್ಯಾಯ. ನನಗೆ ಹಬ್ಬವಾಯಿತು. ಮಿಷನ್ ಶಾಲೆಯಲ್ಲಿ ನಾಟಕ ಆಡಿದ ಕಥೆ ಅದು, ಕಳ್ಳರಲ್ಲಿ ಒಬ್ಬನಾಗಿದ್ದೆ. ಯೆರೂಸಲೇಮಿನಿಂದ ಯೆರಿಕೋವಿಗೆ ಹೊರಟವನನ್ನು ಕಳ್ಳರು ಬಡಿದು ಬಿಸಾಡುತ್ತಾರೆ. ಯಾಜಕ ಬರುತ್ತಾನೆ, ನೋಡಿಯೂ ಮಗ್ಗುಲಾಗಿ ಹೋಗುತ್ತಾನೆ. ದೇವಾಲಯದಲ್ಲಿ ಯಾಜಕರಿಗೆ ನೆರವಾಗುವ ಲೇವಿ ಕುಲದವನು ಬರುತ್ತಾನೆ, ಅವನೂ ಹಾಗೆಯೇ. ಯಹೂದಿಗಳಿಗೆ ಕಂಡರಾಗದ ಸಮಾರ್ಯದವನು ನಿಂತು, ಗಾಯ ಕಟ್ಟಿ, ಛತ್ರಕ್ಕೆ ಸೇರಿಸಿ, ಖರ್ಚಿಗೆ ಹಣ ಕೊಟ್ಟು ಹೋಗುತ್ತಾನೆ. ಯಾಜಕನೇಕೆ ನಿಲ್ಲಲಿಲ್ಲ? ನನಗೆ ಅದರಲ್ಲಿ ಅನುಮಾನವೇ ಇರಲಿಲ್ಲ. ಮಡಿ! ಹೆಣ ಮುಟ್ಟಿದರೆ ಮೈಲಿಗೆ. ದೇವಾಲಯದ ಸೇವೆಗೆ ಹೊರಟವನು ಸತ್ತಂತೆ ಬಿದ್ದವನನ್ನು ಹೇಗೆ ಮುಟ್ಟಿಯಾನು? ಅಜ್ಜಿಯ ಒದ್ದೆ ಸೀರೆ, ಸ್ನಾನ ಮಾಡಿ ಹೊರಟ ಅಜ್ಜ ಬೀದಿಯಲ್ಲಿ ಶವ ಬಂದರೆ ಹಿಂದಿರುಗುತ್ತಿದ್ದುದು, ಎಲ್ಲವನ್ನೂ ಬಳಸಿಕೊಂಡು ಮೂರು ಸಾವಿರ ಪದಗಳ ಪ್ರಬಂಧ ಬರೆದೆ. ಕರ್ಮಠ ಆಚಾರದ ಮೇಲೆ ಕರುಣೆಯ ಗೆಲುವು. ಬರೆದು ಮುಗಿಸಿದಾಗ ನನಗೇ ಕಣ್ಣು ತುಂಬಿ ಬಂದಿತ್ತು.

ಬಂದದ್ದು 52 ಅಂಕ. ಅಲ್ಲಿ 50 ಬಂದರೆ ಪಾಸು, 70 ದಾಟಿದರೆ ಉನ್ನತ ದರ್ಜೆ. ತೊಂಬತ್ತರ ಲೆಕ್ಕದಲ್ಲಿ ಬೆಳೆದ ನಮಗೆ ಅದನ್ನು ಅರಗಿಸಿಕೊಳ್ಳಲು ವಾರ ಬೇಕು. ಅಂಕಕ್ಕಿಂತ ಚುಚ್ಚಿದ್ದು ಪಕ್ಕದ ಟಿಪ್ಪಣಿ: ‘ಯಾಜಕ ಯಾವ ದಿಕ್ಕಿಗೆ ನಡೆಯುತ್ತಿದ್ದ? ಪಠ್ಯ ನೋಡಿ.’

ನೋಡಿದೆ. ಯಾಜಕ ಆ ದಾರಿಯಲ್ಲಿ ‘ಇಳಿದು’ ಬರುತ್ತಿದ್ದ ಎಂದಿದೆ. ಯೆರೂಸಲೇಮ್ ಬೆಟ್ಟದ ಮೇಲಿನ ಊರು. ಯೆರಿಕೋ ಸಮುದ್ರಮಟ್ಟಕ್ಕಿಂತ ಕೆಳಗಿನ ತಗ್ಗು. ಎರಡರ ನಡುವೆ ಸಾವಿರ ಮೀಟರಿನಷ್ಟು ಇಳಿಜಾರು. ಇಳಿದು ಬರುತ್ತಿದ್ದಾನೆ ಎಂದರೆ ದೇವಾಲಯಕ್ಕೆ ಬೆನ್ನು ಹಾಕಿ ಹೊರಟಿದ್ದಾನೆ. ಸೇವೆಯ ಮಡಿ ಕೆಡುವ ಭಯ ಎಲ್ಲಿಂದ ಬಂತು? ಅದೂ ಅಲ್ಲದೆ, ಹೆಣದ ಹತ್ತಿರ ಹೋಗಬಾರದೆಂಬ ಹಳೆಯ ಒಡಂಬಡಿಕೆಯ ಯಾಜಕಕಾಂಡದ ನಿಷೇಧ ಯಾಜಕರಿಗೆ, ಲೇವಿಯರಿಗಲ್ಲ. ಇನ್ನೂ ಮುಂದಕ್ಕೆ ಹೋದರೆ, ದಾರಿಯಲ್ಲಿ ಅನಾಥ ಶವ ಕಂಡರೆ ಮಹಾಯಾಜಕನೂ ಮೈಲಿಗೆಯನ್ನು ಲೆಕ್ಕಿಸದೆ ಮಣ್ಣು ಮಾಡಬೇಕು ಎಂದು ಯಹೂದಿಗಳ ಹಳೆಯ ವಿಧಿಸಂಗ್ರಹವಾದ ಮಿಶ್ನಾದ ನಜೀರ್ ಭಾಗ ಹೇಳುತ್ತದೆ. ಬಿದ್ದವನು ಬದುಕಿದ್ದರಂತೂ ಮಾತೇ ಇಲ್ಲ. ಜೀವ ಉಳಿಸುವ ಕೆಲಸದ ಮುಂದೆ ವಾರದ ವಿಶ್ರಾಂತಿ ದಿನವಾದ ಸಬ್ಬತ್ತೇ ಹಿಂದೆ ಸರಿಯುತ್ತದೆ. ಅಂದರೆ ಆ ಇಬ್ಬರು ತಮ್ಮ ಶಾಸ್ತ್ರ ಪಾಲಿಸಿದ್ದರಿಂದ ಕೆಟ್ಟವರಾಗಲಿಲ್ಲ, ಪಾಲಿಸದೆ ಇದ್ದುದರಿಂದ ಕೆಟ್ಟವರಾದರು. ಹೊಸ ಒಡಂಬಡಿಕೆಯನ್ನು ಯಹೂದಿ ಕಣ್ಣಿನಿಂದ ಓದುವ ವಿದುಷಿ ಏಮಿ-ಜಿಲ್ ಲೆವೈನ್ ಇದನ್ನು ವರ್ಷಗಳಿಂದ ಹೇಳುತ್ತ ಬಂದಿದ್ದಾರಂತೆ. ಚರ್ಚಿನ ಪ್ರಸಂಗಗಳಲ್ಲಿ ಮಾತ್ರ ಯಾಜಕ ಇಂದಿಗೂ ಮಡಿಗೆ ಹೆದರಿ ಓಡುತ್ತಲೇ ಇದ್ದಾನೆ.

ನಾನು ಮಾಡಿದ್ದು ಎರಡು ಪಟ್ಟು ತಪ್ಪು. ಪಾದ್ರಿಗಳಿಂದ ಕಲಿತ ಯಹೂದಿಯ ಮೇಲೆ ನನ್ನ ಅಜ್ಜಿಯ ಒದ್ದೆ ಸೀರೆ ಹೊದಿಸಿದ್ದೆ.

‘ಹಾಗಾದರೆ ಅವನು ಏಕೆ ನಿಲ್ಲಲಿಲ್ಲ?’ ಎಂದು ಉಪನ್ಯಾಸಕಿಯ ಕೋಣೆಗೆ ಹೋಗಿ ಕೇಳಿದೆ. ‘ಕಥೆ ಹೇಳುವುದಿಲ್ಲ’ ಎಂದರು. ಆಮೇಲೆ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಇಬ್ಬರು ಮನೋವಿಜ್ಞಾನಿಗಳು ಮಾಡಿ, 1973ರಲ್ಲಿ ಪ್ರಕಟಿಸಿದ ಪ್ರಯೋಗದ ವರದಿಯನ್ನು ಕೈಗಿತ್ತರು. ಪಾದ್ರಿಯಾಗಲು ಓದುತ್ತಿದ್ದ ವಿದ್ಯಾರ್ಥಿಗಳನ್ನು ಪಕ್ಕದ ಕಟ್ಟಡಕ್ಕೆ ಭಾಷಣ ಮಾಡಲು ಕಳಿಸುತ್ತಾರೆ. ಕೆಲವರ ಭಾಷಣದ ವಿಷಯ ಇದೇ ಸಮಾರ್ಯದವನ ಕಥೆ. ದಾರಿಯಲ್ಲಿ ಒಬ್ಬ ಕೆಮ್ಮುತ್ತ ಕುಸಿದು ಕುಳಿತಿರುತ್ತಾನೆ. ಬೇಕಾದಷ್ಟು ಸಮಯವಿದೆ ಎಂದು ತಿಳಿದವರಲ್ಲಿ ನೂರಕ್ಕೆ 63 ಮಂದಿ ನಿಂತರು. ತಡವಾಗಿದೆ ಎಂದು ಹೇಳಿಸಿಕೊಂಡವರಲ್ಲಿ 10 ಮಂದಿ. ಭಾಷಣದ ವಿಷಯ ಯಾವುದೆಂಬುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ನಾನು ಆ ದಿನ ತಡವಾಯಿತೆಂದು ಆಕ್ಸ್‌ಫರ್ಡ್ ರಸ್ತೆಯುದ್ದಕ್ಕೂ ಓಡುತ್ತ ಬಂದಿದ್ದೆ. ಅಂಗಡಿಗಳ ಬಾಗಿಲ ಬಳಿ ಕಂಬಳಿ ಹೊದ್ದು ಕುಳಿತವರು ಅಲ್ಲಿ ಯಾವಾಗಲೂ ಇರುತ್ತಾರೆ. ಆ ದಿನ ಯಾರಿದ್ದರು ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಹೀಬ್ರೂ ಕಡ್ಡಾಯವಿರಲಿಲ್ಲ. ಹಟಕ್ಕೆ ತೆಗೆದುಕೊಂಡೆ. ಕಾಗುಣಿತದ ಮಡಿಲಲ್ಲಿ ಬೆಳೆದವನಿಗೆ ಅದು ವಿಚಿತ್ರ ಲಿಪಿ: ಬಲದಿಂದ ಎಡಕ್ಕೆ ಬರಿಯ ವ್ಯಂಜನಗಳು, ಸ್ವರ ನೀವೇ ಊಹಿಸಿಕೊಳ್ಳಬೇಕು. ಕಲಿಯುವವರಿಗೆಂದು ಚುಕ್ಕಿ ಗೆರೆಗಳನ್ನು ಹಾಕುತ್ತಾರೆ, ದೊಡ್ಡವರಾದ ಮೇಲೆ ಕಿತ್ತುಕೊಳ್ಳುತ್ತಾರೆ. ‘ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸಬೇಕು’ ಎಂಬ ಮಾತು ಯೇಸುವಿನದೆಂದು ನಾನು ನಂಬಿದ್ದೆ. ಅದು ಯಾಜಕಕಾಂಡದ ಹತ್ತೊಂಬತ್ತನೆಯ ಅಧ್ಯಾಯದ್ದು, ಯೇಸು ಉದ್ಧರಿಸಿದ್ದು. ಅಲ್ಲಿ ನೆರೆಯವನಿಗೆ ಇರುವ ಪದ ಎರಡೇ ಅಕ್ಷರ, ರೇಶ್ ಮತ್ತು ಆಯಿನ್. ‘ರೇಅ’ ಎಂದು ಓದಿದರೆ ಒಡನಾಡಿ, ನೆರೆಯವನು. ‘ರಾ’ ಎಂದು ಓದಿದರೆ ಕೇಡು. ಬರೆಯುವ ರೀತಿ ಒಂದೇ. ತರಗತಿಯಲ್ಲಿ ಉಳಿದವರು ನಕ್ಕರು. ನನಗೆ ಮಾತ್ರ ಅದು ಹೊಸದೆನ್ನಿಸಲಿಲ್ಲ. ಕನ್ನಡದಲ್ಲೂ ನೆರೆ ಎಂದರೆ ಪಕ್ಕದ ಮನೆ, ನೆರೆ ಎಂದರೆ ಮಲಪ್ರಭೆ ಉಕ್ಕಿ ಊರು ಕೊಚ್ಚುವ ನೀರು. ಇದನ್ನು ಹೇಳಿದಾಗ ಉಪನ್ಯಾಸಕಿ ಬೋರ್ಡಿನ ಮೇಲೆ ಕನ್ನಡದಲ್ಲಿ ಬರೆಸಿಕೊಂಡರು. ಆ ವರ್ಷ ನನಗೆ ಸಿಕ್ಕ ದೊಡ್ಡ ಮರ್ಯಾದೆ ಅದೇ ಇರಬೇಕು.

ತಾಲ್ಮುದ್ ತರಗತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮಿಶ್ನಾದ ಮೇಲೆ ರಬ್ಬಿಗಳು, ಅಂದರೆ ಯಹೂದಿ ಧರ್ಮಪಂಡಿತರು, ನಡೆಸಿದ ಚರ್ಚೆಗಳ ಸಂಗ್ರಹ ತಾಲ್ಮುದ್. ಪುಟದ ನಡುವೆ ಮೂಲ. ಒಂದು ಮಗ್ಗುಲಲ್ಲಿ ಹನ್ನೊಂದನೆಯ ಶತಮಾನದ ಫ್ರಾನ್ಸಿನ ರಾಶಿ ಎಂಬ ವಿದ್ವಾಂಸನ ವ್ಯಾಖ್ಯಾನ. ಇನ್ನೊಂದು ಮಗ್ಗುಲಲ್ಲಿ ಆತನ ಮೊಮ್ಮಕ್ಕಳ ಕಾಲದವರು ಆತನ ಮೇಲೆಯೇ ಎತ್ತಿದ ಆಕ್ಷೇಪಗಳು. ಮೂಲ, ಭಾಷ್ಯ, ಟೀಕೆ, ಟಿಪ್ಪಣಿ ಎಂದು ಸಾಲಾಗಿ ಹೊಂದಿಸಿದ ನಮ್ಮ ಪುಸ್ತಕಗಳನ್ನು ನೋಡಿದವರಿಗೆ ಆ ಪುಟ ಪರಕೀಯವಲ್ಲ. ಈ ವಿನ್ಯಾಸದಲ್ಲಿ ಇಡೀ ತಾಲ್ಮುದನ್ನು ಮೊದಲು ಅಚ್ಚು ಹಾಕಿದವನು ಯಹೂದಿಯಲ್ಲ, ಡೇನಿಯಲ್ ಬೊಂಬರ್ಗ್ ಎಂಬ ಕ್ರೈಸ್ತ ಮುದ್ರಕ, ವೆನಿಸಿನಲ್ಲಿ, 1520ರಿಂದ 1523ರ ನಡುವೆ. ಮೂವತ್ತು ವರ್ಷ ಕಳೆದು 1553ರಲ್ಲಿ ಚರ್ಚಿನ ಅಪ್ಪಣೆಯಂತೆ ಅದನ್ನು ರೋಮಿನಲ್ಲಿ ಸುಟ್ಟರು, ಅದೇ ವರ್ಷ ವೆನಿಸಿನಲ್ಲೂ ಸುಟ್ಟರು.

ಅದನ್ನು ಒಬ್ಬರೇ ಓದುವಂತಿಲ್ಲ. ಇಬ್ಬಿಬ್ಬರು ಕೂತು, ಗಟ್ಟಿಯಾಗಿ ಓದಿ, ಜಗಳವಾಡಬೇಕು. ಆ ಜೋಡಿಗೆ ಹವ್ರೂತಾ ಎನ್ನುತ್ತಾರೆ. ನನಗೆ ಜೋಡಿಯಾದವರು ಬೋಲ್ಟನ್ನಿನ ಒಬ್ಬ ನಿವೃತ್ತ ನರ್ಸ್, ವಯಸ್ಸು 63, ಮೆಥೊಡಿಸ್ಟ್ ಎಂಬ ಪ್ರೊಟೆಸ್ಟೆಂಟ್ ಚರ್ಚಿನವರು. ಮೊದಲು ಓದಿದ್ದು ತಾಲ್ಮುದಿನ ಬಾವಾ ಮೆಟ್ಸಿಯಾ ಭಾಗದ 62ನೆಯ ಹಾಳೆ. ಇಬ್ಬರು ಮರುಭೂಮಿಯಲ್ಲಿ ನಡೆಯುತ್ತಿದ್ದಾರೆ. ಒಬ್ಬನ ಕೈಯಲ್ಲಿ ನೀರಿನ ಬುರುಡೆ. ಇಬ್ಬರೂ ಕುಡಿದರೆ ಇಬ್ಬರೂ ಸಾಯುತ್ತಾರೆ. ಒಬ್ಬನೇ ಕುಡಿದರೆ ಊರು ಮುಟ್ಟುತ್ತಾನೆ. ಇಬ್ಬರೂ ಕುಡಿದು ಸಾಯಲಿ, ಒಬ್ಬನು ಇನ್ನೊಬ್ಬನ ಸಾವನ್ನು ನೋಡುವಂತಾಗಬಾರದು ಎನ್ನುತ್ತಾನೆ ಬೆನ್ ಪೆಟೂರಾ. ರಬ್ಬಿ ಅಕಿವಾ ಬಂದು, ‘ನಿನ್ನ ಸಹೋದರನು ನಿನ್ನೊಂದಿಗೆ ಬದುಕಲಿ’ ಎಂಬ ಮಾತಿನಲ್ಲಿ ‘ನಿನ್ನೊಂದಿಗೆ’ ಎಂಬುದನ್ನು ಹಿಡಿದು, ನಿನ್ನ ಜೀವ ಮೊದಲು ಎನ್ನುತ್ತಾನೆ. ಸೋತ ಬೆನ್ ಪೆಟೂರಾನ ಮಾತನ್ನು ಅಳಿಸದೆ ಉಳಿಸಿದ್ದಾರೆ ಎಂಬುದು ನನಗೆ ಬಹಳ ಹಿಡಿಸಿತು. ನಾನು ಅದನ್ನೇ ಉತ್ಸಾಹದಿಂದ ಹೇಳುತ್ತಿದ್ದಾಗ ನನ್ನ ಜೊತೆಗಾತಿ ಸುಮ್ಮನೆ ಪುಟ ನೋಡುತ್ತಿದ್ದರು. ಆಮೇಲೆ, ‘ಇಲ್ಲಿ ಬುರುಡೆ ಇಬ್ಬರಲ್ಲಿ ಒಬ್ಬನದು. ನಾನು 2020ರಲ್ಲಿ ಕೆಲಸ ಮಾಡಿದ ವಾರ್ಡಿನಲ್ಲಿ ಬುರುಡೆ ನಮ್ಮ ಕೈಯಲ್ಲಿತ್ತು, ಬಾಯಾರಿದವರು ಹಾಸಿಗೆಯಲ್ಲಿದ್ದರು. ಮೂರನೆಯವಳ ಬಗ್ಗೆ ಈ ಪುಟ ಏನನ್ನುತ್ತದೆ?’ ಎಂದರು.

ಏನೂ ಅನ್ನುವುದಿಲ್ಲ. ಉಪನ್ಯಾಸಕಿ ನಮ್ಮನ್ನು ಮಿಶ್ನಾದ ಹೊರಾಯೋತ್ ಭಾಗಕ್ಕೆ ಅಟ್ಟಿದರು. ಅಲ್ಲಿ ಪಟ್ಟಿಯೇ ಇದೆ: ಜೀವ ಉಳಿಸುವಾಗ ಹೆಂಗಸಿಗಿಂತ ಗಂಡಸು ಮೊದಲು, ಬಟ್ಟೆ ಕೊಡುವಾಗ, ಸೆರೆ ಬಿಡಿಸುವಾಗ ಹೆಂಗಸು ಮೊದಲು, ಲೇವಿಗಿಂತ ಯಾಜಕ ಮೊದಲು. ಕೊನೆಗೆ ಪಟ್ಟಿ ತಾನೇ ತಲೆಕೆಳಗಾಗಿ, ನಿಷಿದ್ಧ ಸಂಬಂಧದಲ್ಲಿ ಹುಟ್ಟಿದವನು ವಿದ್ವಾಂಸನಾಗಿದ್ದರೆ ಅವಿದ್ಯಾವಂತ ಮಹಾಯಾಜಕನಿಗಿಂತ ಮುಂದೆ ಎನ್ನುತ್ತದೆ. ಆ ಕೊನೆಯ ಸಾಲು ಕ್ರಾಂತಿಕಾರಿ ಎಂದು ನಾನೆಂದೆ. ‘ಮೊದಲ ಸಾಲನ್ನು ಮತ್ತೊಮ್ಮೆ ಓದಿ’ ಎಂದು ಜೊತೆಗಾತಿ ಪುಸ್ತಕ ಮುಚ್ಚಿ ಚಹಾ ತರಲು ಎದ್ದರು. ಹಳೆಯ ಗ್ರಂಥದಲ್ಲಿ ಸಿಹಿ ಸಿಕ್ಕಿದೊಡನೆ ಕಹಿಯನ್ನು ಮರೆಯುವ ಚಾಳಿ ನಮ್ಮ ಊರಿನ ಉಪನ್ಯಾಸಗಳಲ್ಲಿ ಬೇಕಾದಷ್ಟು ಕಂಡಿದ್ದೇನೆ. ನಾನೂ ಅದೇ ಗಾಣದ ಎತ್ತು.

ಆ ನವೆಂಬರಿನಲ್ಲಿ ದೇಶಕ್ಕೆ ದೇಶವೇ ಸಾವಿನ ಬಗ್ಗೆ ಮಾತಾಡುತ್ತಿತ್ತು. ಆರು ತಿಂಗಳೊಳಗೆ ಸಾಯುವರೆಂದು ವೈದ್ಯರು ಹೇಳಿದ ವಯಸ್ಕರು ಬದುಕು ಮುಗಿಸಿಕೊಳ್ಳಲು ನೆರವು ಪಡೆಯಬಹುದು ಎನ್ನುವ ಮಸೂದೆ 2024ರ ನವೆಂಬರ್ 29ರಂದು ಬ್ರಿಟನ್ನಿನ ಕೆಳಮನೆಯಲ್ಲಿ ಎರಡನೆಯ ವಾಚನ ದಾಟಿತು. ಪರ 330, ವಿರುದ್ಧ 275. ಇಂಗ್ಲೆಂಡ್ ಚರ್ಚಿನ ಆಗಿನ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ವಿರೋಧಿಸಿದರು, ಹಿಂದೊಮ್ಮೆ ಆರ್ಚ್‌ಬಿಷಪ್ ಆಗಿದ್ದ ಜಾರ್ಜ್ ಕೇರಿ ಬೆಂಬಲಿಸಿದರು. ಮುಖ್ಯ ರಬ್ಬಿ ಎಫ್ರಾಯಿಮ್ ಮಿರ್ವಿಸ್ ವಿರೋಧಿಸಿದರು, ಸುಧಾರಣಾ ಪಂಥದ ರಬ್ಬಿ ಜೊನಾಥನ್ ರೊಮೈನ್ ಬೆಂಬಲಿಸಿದರು. ಕ್ರೈಸ್ತರು ಹೀಗೆ, ಯಹೂದಿಗಳು ಹಾಗೆ ಎಂದು ಎರಡು ಕಂಬಗಳಲ್ಲಿ ಬರೆದುಕೊಂಡಿದ್ದ ನನ್ನ ಟಿಪ್ಪಣಿ ಒಂದೇ ವಾರದಲ್ಲಿ ಕಸಕ್ಕೆ ಹೋಯಿತು.

ಆ ವಾರ ಓದಿದ್ದು ತಾಲ್ಮುದಿನ ಕೆತುಬೋತ್ ಭಾಗದ 104ನೆಯ ಹಾಳೆ. ಮಿಶ್ನಾವನ್ನು ಸಂಪಾದಿಸಿದ ರಬ್ಬಿ ಯೆಹೂದಾ ಹಾಸಿಗೆ ಹಿಡಿದಿದ್ದಾನೆ. ಶಿಷ್ಯರು ಅಂಗಳದಲ್ಲಿ ಬಿಡುವಿಲ್ಲದೆ ಪ್ರಾರ್ಥಿಸಿ ಸಾವನ್ನು ತಡೆಹಿಡಿದಿದ್ದಾರೆ. ಮನೆಯ ಕೆಲಸದವಳು ಮಾಳಿಗೆ ಹತ್ತಿ, ಮೊದಲು ಆತ ಉಳಿಯಲಿ ಎಂದೇ ಬೇಡುತ್ತಾಳೆ. ಪ್ರಾರ್ಥನೆಯ ಪಟ್ಟಿ ಬಿಚ್ಚಿ, ಶೌಚಕ್ಕೆ ಹೋಗಿ, ಮತ್ತೆ ಕಟ್ಟಿಕೊಂಡು, ಮತ್ತೆ ಬಿಚ್ಚಿ ಆತ ಪಡುವ ನೋವನ್ನು ನೋಡಿದ ಮೇಲೆ ಮಾತು ಬದಲಿಸುತ್ತಾಳೆ. ಕೈಯಲ್ಲಿದ್ದ ಗಡಿಗೆಯನ್ನು ಮೇಲಿನಿಂದ ಕೆಳಗೆ ಎಸೆಯುತ್ತಾಳೆ. ಸದ್ದಿಗೆ ಶಿಷ್ಯರು ಒಂದು ಕ್ಷಣ ಪ್ರಾರ್ಥನೆ ನಿಲ್ಲಿಸುತ್ತಾರೆ. ಆ ಕ್ಷಣದಲ್ಲಿ ಜೀವ ಹೋಗುತ್ತದೆ. ‘ಅವಳಿಗೆ ಹೆಸರಿದೆಯೇ?’ ಎಂದು ಜೊತೆಗಾತಿ ಕೇಳಿದರು. ಇಲ್ಲ. ‘ಇರುವುದಿಲ್ಲ, ಗೊತ್ತಿತ್ತು.’

ಗಡಿಗೆ ಎಸೆಯುವುದೂ ವಿಷ ಕೊಡುವುದೂ ಒಂದೇ ಏನು? ಎರಡು ತಾಸು ಅದೇ ಆಯಿತು. ಹದಿನಾರನೆಯ ಶತಮಾನದಲ್ಲಿ ಕ್ರಾಕೋವ್ ನಗರದ ಮೋಶೆ ಇಸೆರ್ಲೆಸ್ ಒಂದು ಗೆರೆ ಎಳೆದಿದ್ದಾನೆ: ಪಕ್ಕದಲ್ಲಿ ಸೌದೆ ಒಡೆಯುವ ಸದ್ದು ಜೀವ ಹೋಗಲು ಬಿಡದಿದ್ದರೆ ಆ ಸದ್ದನ್ನು ನಿಲ್ಲಿಸಬಹುದು, ಸಾವನ್ನು ಮುಂದಕ್ಕೆ ಎಳೆಯುವ ಕೆಲಸ ಕೂಡದು. ಕ್ಯಾಥೊಲಿಕರ ದಾರಿ ಬೇರೆ, ತಲುಪುವ ಜಾಗ ಬಹಳ ದೂರವಲ್ಲ. ಥಾಮಸ್ ಅಕ್ವಿನಾಸ್ ಆತ್ಮರಕ್ಷಣೆಯ ಬಗ್ಗೆ ಹೇಳಿದ ಮಾತು ಬೆಳೆದು, ಉದ್ದೇಶ ಯಾವುದು, ಉದ್ದೇಶಿಸದೆ ಬಂದ ಫಲ ಯಾವುದು ಎಂಬ ವಿಂಗಡಣೆಯಾಯಿತು. ಅದರ ಬಲದಿಂದ ಪೋಪ್ ಹನ್ನೆರಡನೆಯ ಪಯಸ್ 1957ರಲ್ಲಿ, ನೋವು ತಗ್ಗಿಸಲೆಂದು ಕೊಟ್ಟ ಔಷಧದಿಂದ ಆಯುಸ್ಸು ಕಡಿಮೆಯಾದರೂ ಅದು ಕೊಲೆಯಲ್ಲ ಎಂದರು. ‘ನಲವತ್ತು ವರ್ಷ ಅದನ್ನೇ ಮಾಡಿದ್ದೇನೆ. ಪೋಪ್ ಒಪ್ಪಿದ್ದು ಈಗ ತಿಳಿಯಿತು’ ಎಂದರು ಮೆಥೊಡಿಸ್ಟ್ ನರ್ಸಮ್ಮ. ಮಸೂದೆಯ ಪರವೋ ವಿರುದ್ಧವೋ ಎಂದು ಅವರು ಕೊನೆಯವರೆಗೂ ಬಾಯಿ ಬಿಡಲಿಲ್ಲ.

ಇದಾದ ಮೇಲೆ ಧಾರ್ಮಿಕ ಬದುಕನ್ನು ಹತ್ತಿರದಿಂದ ನೋಡಿ ಬರೆಯುವ ಪಠ್ಯವಿಷಯ. ಜನರ ಮನೆಗೆ ಹೋಗುವ ಮುಂಚೆ ವಿಶ್ವವಿದ್ಯಾಲಯದ ನೀತಿ ಸಮಿತಿಯ ಒಪ್ಪಿಗೆ ಬೇಕು. ನೀತಿಶಾಸ್ತ್ರದ ವಿದ್ಯಾರ್ಥಿ ನೀತಿವಂತನೆಂದು ಸಾಬೀತುಪಡಿಸಲು ನಮೂನೆ ತುಂಬಿ ಮೂರು ವಾರ ಕಾಯಬೇಕಾಯಿತು.

ಪ್ರೆಸ್ಟ್‌ವಿಚ್ ಮ್ಯಾಂಚೆಸ್ಟರಿನ ಉತ್ತರಕ್ಕಿದೆ, ಟ್ರಾಮಿನಲ್ಲಿ ಹೋಗಬಹುದು. ಅಲ್ಲಿಯ ಸಂಪ್ರದಾಯಸ್ಥ ಯಹೂದಿ ಕುಟುಂಬವೊಂದು ನನ್ನನ್ನು ಶುಕ್ರವಾರದ ಊಟಕ್ಕೆ ಕರೆಯಿತು. ಡಿಸೆಂಬರ್. ಮಧ್ಯಾಹ್ನ ನಾಲ್ಕಕ್ಕೆ ಮೊದಲೇ ದೀಪ ಹಚ್ಚಿ ಸಬ್ಬತ್ತನ್ನು ಬರಮಾಡಿಕೊಳ್ಳುತ್ತಾರೆ. ಅಲ್ಲಿಂದ ಮರುದಿನ ಮೂರು ನಕ್ಷತ್ರ ಕಾಣುವವರೆಗೆ ಬೆಂಕಿ ಹಚ್ಚುವಂತಿಲ್ಲ, ಬರೆಯುವಂತಿಲ್ಲ, ಮನೆಯಿಂದ ಬೀದಿಗೆ ಏನನ್ನೂ ಹೊತ್ತೊಯ್ಯುವಂತಿಲ್ಲ. ನಿಷಿದ್ಧ ಕೆಲಸಗಳ ಬಗೆ 39. ಆದರೂ ಹೊರಗೆ ಮಗುವಿನ ಗಾಡಿ ತಳ್ಳುವ ಅಪ್ಪಂದಿರು ಕಂಡರು. ವಿದ್ಯುತ್ ಕಂಬದಂಥ ಕಂಬಗಳಿಗೆ ತಂತಿ ಎಳೆದು ಬಡಾವಣೆಯನ್ನೆಲ್ಲ ಒಂದು ಅಂಗಳದಂತೆ ಮಾಡಿಕೊಂಡಿದ್ದಾರೆ, ಅದಕ್ಕೆ ಎರೂವ್ ಎನ್ನುತ್ತಾರೆ, 2014ರಿಂದ ಇದೆ. ಕಾನೂನನ್ನು ಕಾನೂನಿನಿಂದಲೇ ಸಡಿಲಿಸುವ ಆ ಜಾಣತನ ನೋಡಿ ನನಗೆ ಏಕಾದಶಿಯ ಫಲಾಹಾರ ನೆನಪಾಯಿತು. ಉಪವಾಸವೂ ಆಗಬೇಕು, ಸಾಬುದಾಣಿ ಖಿಚಡಿಯೂ ಇರಬೇಕು.

ಬರಿಗೈಯಲ್ಲಿ ಹೋಗಬಾರದೆಂದು ಒಂದು ಪೊಟ್ಟಣ ಧಾರವಾಡ ಪೇಡೆ ಒಯ್ದಿದ್ದೆ. ಹಿಂದಿನ ವಾರ ಊರಿಂದ ಬಂದ ಸ್ನೇಹಿತನ ಕೈಯಲ್ಲಿ ಅಮ್ಮ ಕಳಿಸಿದ್ದರು. ಮನೆಯಾಕೆ ಪೊಟ್ಟಣವನ್ನು ನೋಡಿದರು, ಮುಟ್ಟಲಿಲ್ಲ. ಬಹಳ ಸಂಕೋಚದಿಂದ ಇದರಲ್ಲಿ ಏನೇನಿದೆ ಎಂದು ಕೇಳಿದರು. ಹಾಲು ಎಂದೊಡನೆ ನನಗೇ ಹೊಳೆಯಿತು. ಅಂದಿನ ಅಡುಗೆ ಮಾಂಸದ್ದು. ಹಾಲು ಮಾಂಸ ಒಂದೇ ಮೇಜಿಗೆ ಬರುವಂತಿಲ್ಲ. ರಬ್ಬಿಗಳ ಮುದ್ರೆ ಇಲ್ಲದ ತಿಂಡಿ ಹೇಗೂ ಅಡುಗೆಮನೆ ಸೇರುವಂತಿಲ್ಲ. ಪೇಡೆ ಬಾಗಿಲ ಬಳಿಯ ಹಲಗೆಯ ಮೇಲೆ ಕುಳಿತಿತು. ಸೋಮವಾರ ನಾನೂ ನರ್ಸಮ್ಮನೂ ತಿಂದು ಮುಗಿಸಿದೆವು.

ಸಸ್ಯಾಹಾರಿಯಾದ ನನಗಾಗಿ ಆಕೆ ಬೇರೆ ಪಾತ್ರೆಯಲ್ಲಿ ಆಲೂಗಡ್ಡೆಯ ಕುಗೆಲ್ ಮಾಡಿದ್ದರು. ಹಾಲಿನ ಪಾತ್ರೆ, ಮಾಂಸದ ಪಾತ್ರೆ, ಎರಡಕ್ಕೂ ಸ್ಪಂಜು ಬೇರೆ, ತೊಟ್ಟಿ ಬೇರೆ. ನಮ್ಮ ಮನೆಯಲ್ಲಿ ಅನ್ನ ಮುಟ್ಟಿದ ಕೈ ಮುಸುರೆ. ತೊಳೆಯದೆ ಮೊಸರಿನ ಗಡಿಗೆ ಮುಟ್ಟಿದರೆ ಅಜ್ಜಿ ಊರೆಲ್ಲ ಕೇಳುವಂತೆ ಕೂಗುತ್ತಿದ್ದರು. ಹೋಲಿಕೆ ನಾಲಿಗೆ ತುದಿಗೆ ಬಂದಿತ್ತು, 52 ಅಂಕ ನೆನಪಾಗಿ ನುಂಗಿಕೊಂಡೆ. ನುಂಗಿಕೊಂಡದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಅಜ್ಜಿಯ ಮಡಿಯಲ್ಲಿ ಮುಸುರೆ ಒಂದು ಭಾಗ ಮಾತ್ರ. ಅದರ ನಡುಗಂಬ, ಯಾರು ಮುಟ್ಟಿದರು ಎಂಬುದು. ಅಂಗಳ ಗುಡಿಸಲು ಬರುತ್ತಿದ್ದಾಕೆಗೆ ಮೇಲಿನಿಂದ ನೀರು ಹೊಯ್ಯುತ್ತಿದ್ದ ತಂಬಿಗೆ ನನಗೆ ನೆನಪಿದೆ. ಇಲ್ಲಿ ಪ್ರಶ್ನೆ ಏನು, ಹೇಗೆ ಎಂಬುದು; ಯಾರು ಎಂಬುದಲ್ಲ. ವರದಿಯ ಮುಖ್ಯ ವಾಕ್ಯ ಸಿಕ್ಕಿತು ಎಂದುಕೊಂಡೆ.

ಅಷ್ಟರಲ್ಲಿ ಯಜಮಾನರ ಲೋಟ ಖಾಲಿಯಾದದ್ದು ಕಂಡು ಬಡಿಸೋಣವೆಂದು ದ್ರಾಕ್ಷಾರಸದ ಸೀಸೆಗೆ ಕೈ ಹಾಕಿದೆ. ಮೇಜಿನ ಸುತ್ತ ಅರೆಗಳಿಗೆ ಮೌನ. ಯಜಮಾನರು ನಕ್ಕು, ‘ಪರವಾಗಿಲ್ಲ, ಇದು ಕುದಿಸಿದ್ದು’ ಎಂದರು. ಅನ್ಯಮತದವರು ಮುಟ್ಟಿದ ದ್ರಾಕ್ಷಾರಸವನ್ನು ಕುಡಿಯಬಾರದೆಂಬ ಹಳೆಯ ವಿಧಿ ಇದೆಯಂತೆ. ಕುದಿಸಿದ್ದಕ್ಕೆ ಅದು ಅನ್ವಯಿಸುವುದಿಲ್ಲ. ಅತಿಥಿ ಬರುತ್ತಾನೆಂದೇ ಅವರು ಕುದಿಸಿದ್ದನ್ನು ಇಟ್ಟಿದ್ದರು, ನನಗೆ ಮುಜುಗರವಾಗದಿರಲಿ ಎಂದು. ನನ್ನ ಮುಖ್ಯ ವಾಕ್ಯ ಅಲ್ಲೇ ಮುರಿಯಿತು. ಮುಟ್ಟುವವನ ಪ್ರಶ್ನೆ ಇಲ್ಲಿಯೂ ಇದೆ. ಆದರೆ ತಂಬಿಗೆಯಿಂದ ನೀರು ಕುಡಿದಾಕೆಗೆ ಮುಜುಗರ ಆದೀತೆಂದು ನಮ್ಮ ಮನೆಯಲ್ಲಿ ಯಾರೂ ಏನನ್ನೂ ಮುಂಚೆಯೇ ಕುದಿಸಿ ಇಟ್ಟದ್ದು ಕಾಣೆ. ರಾತ್ರಿ ಟ್ರಾಮ್ ಹತ್ತಿದ ಕೂಡಲೇ ಎರಡನ್ನೂ ಬರೆದುಕೊಂಡೆ. ಆ ವರದಿಗೆ 67 ಬಂತು.

ಕ್ರೈಸ್ತರ ಕಡೆ ನಾನು ಹೋದದ್ದು ಮೌಂಟ್ ಸ್ಟ್ರೀಟಿನ ಕ್ವೇಕರ್ ಸಭೆಗೆ. ಪಾದ್ರಿ ಇಲ್ಲ, ಪೀಠ ಇಲ್ಲ, ಹಾಡು ಇಲ್ಲ. ಒಂದು ತಾಸು ಮೌನ. ಯಾರಿಗಾದರೂ ಒಳಗಿನಿಂದ ಮಾತು ಬಂದರೆ ಎದ್ದು ಹೇಳಬಹುದು. ನಲವತ್ತು ನಿಮಿಷ ಕಳೆದ ಮೇಲೆ ಒಬ್ಬ ಮುದುಕರು ಎದ್ದು ನೆರೆಮನೆಯ ಬೆಕ್ಕಿನ ಬಗ್ಗೆ ಎರಡು ಮಾತಾಡಿ ಕುಳಿತರು. ಅದರ ಬಗ್ಗೆ ಬರೆಯಲು ನನಗೆ ಹೆಚ್ಚೇನೂ ಸಿಗಲಿಲ್ಲ, ಕಣ್ಣು ಮಾತ್ರ ಹಗುರಾಯಿತು.

ಮಾರ್ಚಿನಲ್ಲಿ ಯಾರ್ಕ್ ನಗರಕ್ಕೆ ಕರೆದೊಯ್ದರು. ಹಸಿರು ದಿಬ್ಬದ ಮೇಲೆ ಕ್ಲಿಫರ್ಡ್ಸ್ ಟವರ್ ಎಂಬ ಕಲ್ಲಿನ ಗೋಪುರ. 1190ರ ಮಾರ್ಚ್ 16ರಂದು ಅಲ್ಲಿದ್ದ ಮರದ ಗೋಪುರದಲ್ಲಿ ಆಶ್ರಯ ಪಡೆದ ಸುಮಾರು 150 ಯಹೂದಿಗಳು ಸತ್ತರು. ಹೊರಗೆ ಗುಂಪು ಕಾದಿತ್ತು. ಹೆಚ್ಚಿನವರು ತಮ್ಮವರ ಕೈಯಿಂದಲೇ, ತಮ್ಮ ಕೈಯಿಂದಲೇ ಸತ್ತರು. ಗುಂಪಿನ ಮುಂದಾಳುಗಳಲ್ಲಿ ಯಹೂದಿಗಳಿಗೆ ಸಾಲ ತೀರಿಸಬೇಕಾದ ಗೌರವಾನ್ವಿತರಿದ್ದರು. ಹತ್ಯೆ ಮುಗಿದ ಮೇಲೆ ಅವರು ನೇರ ಹೋದದ್ದು ನಗರದ ಮಹಾಚರ್ಚಿಗೆ; ಅಲ್ಲಿ ಇಟ್ಟಿದ್ದ ಸಾಲದ ಪತ್ರಗಳನ್ನು ಹೊರತೆಗೆದು ಅಲ್ಲಿಯೇ ಸುಟ್ಟರು. ನೂರು ವರ್ಷ ಕಳೆದು 1290ರಲ್ಲಿ ಒಂದನೆಯ ಎಡ್ವರ್ಡ್ ಎಲ್ಲ ಯಹೂದಿಗಳನ್ನೂ ಇಂಗ್ಲೆಂಡಿನಿಂದ ಓಡಿಸಿದ. ಮರಳಿ ಬಂದದ್ದು 1656ರ ಹೊತ್ತಿಗೆ. ಹಿಂದಿರುಗುವ ರೈಲಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ‘ಕಪಟಿಗಳಾದ ಶಾಸ್ತ್ರಿಗಳೇ, ಫರಿಸಾಯರೇ’ ಎಂಬ ಮಾತು ಆ ಊರಿನಲ್ಲೂ ಓದುಪೀಠದಿಂದ ಎಷ್ಟು ಸಲ ಕೇಳಿಬಂದಿರಬೇಕು ಎಂದು ನಾನು ಲೆಕ್ಕ ಹಾಕುತ್ತಿದ್ದೆ.

ಸಂಪ್ರಬಂಧಕ್ಕೆ ಆ ಮಾತನ್ನೇ ಹಿಡಿದೆ. ಕ್ರಿ.ಶ. 70ರಲ್ಲಿ ದೇವಾಲಯ ನೆಲಸಮವಾದ ಮೇಲೆ ಯಹೂದಿ ಧರ್ಮವನ್ನು ಪಾಠಶಾಲೆಯಲ್ಲಿ, ಊಟದ ಮೇಜಿನಲ್ಲಿ ಉಳಿಸಿದ ರಬ್ಬಿಗಳು ತಮ್ಮ ಮೂಲವನ್ನು ಗುರುತಿಸಿಕೊಳ್ಳುವುದು ಫರಿಸಾಯರಲ್ಲೇ. ಪೌಲನು ತಾನೂ ಫರಿಸಾಯನೆಂದು ಹೇಳಿಕೊಂಡವನು. ಕಪಟ ಫರಿಸಾಯರನ್ನು ತಾಲ್ಮುದ್ ಕೂಡ ಬಿಟ್ಟಿಲ್ಲ: ಸೋಟಾ ಭಾಗದಲ್ಲಿ ಏಳು ಬಗೆಯ ಫರಿಸಾಯರ ಪಟ್ಟಿಯೇ ಇದೆ, ಹೆಂಗಸರನ್ನು ನೋಡಬಾರದೆಂದು ಕಣ್ಣು ಮುಚ್ಚಿ ನಡೆದು ಗೋಡೆಗೆ ತಲೆ ಚಚ್ಚಿಕೊಂಡು ರಕ್ತ ಸುರಿಸುವವನೂ ಅದರಲ್ಲಿದ್ದಾನೆ. ವಚನಕಾರರು, ದಾಸರು ಡಂಭಾಚಾರವನ್ನು ಬೈದಂತೆ ಯೇಸು ಬೈದದ್ದೂ ಮನೆಯೊಳಗಿನ ಬೈಗುಳ. ಬೈಗುಳ ಮನೆ ದಾಟಿ ಬೇರೆಯವರ ಬಾಯಿಗೆ ಬಿದ್ದಾಗ ಏನಾಯಿತು ಎಂಬುದಕ್ಕೆ ಯಾರ್ಕ್ ಒಂದು ಅಧ್ಯಾಯ. ಕೊನೆಯ ಅಧ್ಯಾಯ ಕನ್ನಡದ್ದು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದಂದಿನಿಂದ ಶುರುವಾದ ಕನ್ನಡ ಬೈಬಲಿನ ಕೆಲಸದಲ್ಲಿ, ಮುಂದೆ ಎಲ್ಲರ ಕೈಸೇರಿದ ಅನುವಾದ ಗ್ರೀಕಿನ ‘ಗ್ರಮ್ಮಟೇಯುಸ್’ ಎಂಬ ಪದಕ್ಕೆ ‘ಶಾಸ್ತ್ರಿ’ ಎಂದಿಟ್ಟಿತು. ಮೂಲದ ಅರ್ಥ ಬರೆಯುವವನು, ಅಕ್ಷರದವನು. ‘ಲಿಪಿಕಾರ’ ಎಂದಿದ್ದರೆ ಸಾಕಿತ್ತು. ಶಾಸ್ತ್ರಿ ಎಂದು ಕರೆದು ಯಹೂದಿಯೊಬ್ಬನನ್ನೂ ಕಂಡಿರದ ಊರಿನಲ್ಲಿ ಆ ಜಗಳಕ್ಕೆ ಬ್ರಾಹ್ಮಣನ ಮುಖ ಕೊಟ್ಟರು ಎಂಬುದು ನನ್ನ ವಾದ. ಪರೀಕ್ಷಕರಿಗೆ ಹಿಡಿಸಿತು.

2025ರ ಅಕ್ಟೋಬರಿನಲ್ಲಿ ಊರಿಗೆ ಬಂದೆ. ಅಪ್ಪ ಇಡೀ ಸಂಪ್ರಬಂಧವನ್ನು ಕನ್ನಡಕ ಒರೆಸಿಕೊಳ್ಳುತ್ತ ನಾಲ್ಕು ದಿನ ಓದಿದರು. ಕನ್ನಡ ಉದ್ಧರಣೆಗಳಲ್ಲಿ ಎರಡು ಅಚ್ಚಿನ ತಪ್ಪು ತೋರಿಸಿದರು. ಆಮೇಲೆ ಕೊನೆಯ ಅಧ್ಯಾಯದ ಮೇಲೆ ಬೆರಳಿಟ್ಟು, ‘ಲಿಪಿಕಾರ ಎನ್ನಬೇಕಿತ್ತು, ಶಾಸ್ತ್ರಿ ಎಂದದ್ದು ತಪ್ಪು ಎನ್ನುತ್ತೀಯಲ್ಲ. ನಿಮ್ಮ ಅಜ್ಜ ಏನು ಮಾಡುತ್ತಿದ್ದರು ಅಂದುಕೊಂಡಿದ್ದೀ?’ ಎಂದರು.

‘ಪೂಜೆ, ಪುರಾಣ.’

‘ಪೂಜೆಯಿಂದ ಆರು ಮಕ್ಕಳ ಹೊಟ್ಟೆ ತುಂಬುತ್ತಿತ್ತೇನು? ಮಂಗಳವಾರ ಸಂತೆಯ ದಿನ ಕಟ್ಟೆಯ ಮೇಲೆ ಕೂತು ಹಳ್ಳಿಯವರಿಗೆ ಕಾಗದ ಬರೆದುಕೊಡುತ್ತಿದ್ದರು. ಅರ್ಜಿ, ವಾಟ್ನಿ ಪತ್ರ, ಸಾಲದ ಪತ್ರ. ಪತ್ರಕ್ಕೆ ಎರಡಾಣೆ. ಅದಕ್ಕೇ ಶಾಸ್ತ್ರಿಗಳು ಎಂದು ಜನ ಕರೆದದ್ದು, ವೇದ ಕಲಿತದ್ದಕ್ಕಲ್ಲ.’

ನಾನು ಸುಮ್ಮನೆ ಕುಳಿತೆ. ಅಪ್ಪ ಎದ್ದು ಟಾರ್ಚ್ ಹುಡುಕಿದರು. ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ ಕೆಲವು ಇನ್ನೂ ಇರಬೇಕು, ಏಣಿ ಹಿಡಿದುಕೋ ಎಂದರು.